ಮೋಲ್ಟ್‌ಕೆ ಹಾಳು ಮಾಡದೇ ಇದ್ದಿದ್ದರೆ 1914ರಲ್ಲಿ ಶ್ಲೀಫೆನ್ ಯೋಜನೆ ಗೆಲ್ಲುತ್ತಿತ್ತಾ?

ಎಂ.ಎ. ಪ್ರಬಂಧಕ್ಕೆ ಮೊದಲ ಮಹಾಯುದ್ಧದ ಈ ವಿಷಯ ಆರಿಸಿಕೊಂಡಿದ್ದೀರಿ. ಮೊದಲು ಯೋಜನೆ ಓದಲಾ, ಇಲ್ಲಾ ಒಂದೊಂದೇ ಕದನ ಓದಲಾ ಅಂತ ಕೇಳಿದ್ದೀರಿ. ಎರಡನ್ನೂ ಸದ್ಯಕ್ಕೆ ಬಿಡಿ. ಇದೇ ಪ್ರಶ್ನೆ ಹಿಡಿದು ನಾನು ಒಂದು ಇಡೀ ಪುಸ್ತಕ ಬರೆದವನು. ಡಿಟಿಪಿ ಮುಗಿದು ಪ್ರೂಫ್ ಕೈಗೆ ಬಂದ ಮೇಲೆ ನಾನೇ ಅದನ್ನು ವಾಪಸ್ ತಗೊಂಡೆ. ಡಿಟಿಪಿ ಖರ್ಚು ನನ್ನ ಕೈಯಿಂದ ಹೋಯಿತು. ಪ್ರಕಾಶಕರು ಹಳೆಯ ಗೆಳೆಯರು, ಈಗ ಎದುರು ಸಿಕ್ಕರೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ.

ಪುಸ್ತಕವನ್ನು ಕೋರ್ಟ್ ವಿಚಾರಣೆಯ ರೂಪದಲ್ಲಿ ಬರೆದಿದ್ದೆ. ಆರೋಪಿ ಸ್ಥಾನದಲ್ಲಿ ಜರ್ಮನ್ ಸೇನಾ ಮುಖ್ಯಸ್ಥ ಹೆಲ್ಮುಟ್ ಫಾನ್ ಮೋಲ್ಟ್‌ಕೆ. ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಶ್ಲೀಫೆನ್ 1905ರಲ್ಲಿ ಒಂದು ಟಿಪ್ಪಣಿ ಬರೆದಿಟ್ಟಿದ್ದ. ಸೈನ್ಯದ ಬಹುಪಾಲನ್ನು ಬಲಗಡೆ ಪೇರಿಸಬೇಕು, ಬೆಲ್ಜಿಯಂ ಸುತ್ತಿಕೊಂಡು ಬಂದು ಫ್ರಾನ್ಸಿನ ಬೆನ್ನಿಗೆ ಬಡಿಯಬೇಕು ಅನ್ನುವುದು ಅದರ ಸಾರ. ನಾನು ಹೊರಿಸಿದ ಆರೋಪಗಳು ನಿಮಗೂ ಗೊತ್ತಿರುವಂಥವೇ. ಮೋಲ್ಟ್‌ಕೆ ಎಡಗಡೆಯ ಲೊರೇನ್ ಪ್ರಾಂತ್ಯದ ಕಡೆಗೆ ಜಾಸ್ತಿ ದಳ ಕೊಟ್ಟು ಬಲಭಾಗವನ್ನು ಬಡವಾಗಿಸಿದ. ಹಾಲೆಂಡ್ ಮೂಲಕ ನುಗ್ಗುವ ಯೋಚನೆ ಕೈಬಿಟ್ಟ. ಆಗಸ್ಟ್ ಕೊನೆಯಲ್ಲಿ ಪೂರ್ವ ಪ್ರಷ್ಯಾದಲ್ಲಿ ರಷ್ಯನ್ನರು ಬಂದರು ಅಂತ ಗಾಬರಿಯಾಗಿ ಎರಡು ಕೋರ್‌ಗಳನ್ನು, ಅಂದರೆ ಸೈನ್ಯದ ಎರಡು ದೊಡ್ಡ ತುಕಡಿಗಳನ್ನು, ಅತ್ತ ಕಳಿಸಿದ. ಅವು ದಾರಿಯಲ್ಲಿರುವಾಗಲೇ ಅಲ್ಲಿನ ಟಾನೆನ್‌ಬರ್ಗ್ ಕದನ ಮುಗಿದುಹೋಯಿತು. ಅತ್ತ ಟಾನೆನ್‌ಬರ್ಗ್‌ಗೂ ಸಿಗಲಿಲ್ಲ, ಇತ್ತ ಪ್ಯಾರಿಸ್ ಹತ್ತಿರ ಜರ್ಮನ್ನರನ್ನು ತಡೆದು ನಿಲ್ಲಿಸಿದ ಮಾರ್ನ್ ಕದನಕ್ಕೂ ಸಿಗಲಿಲ್ಲ. ಇಷ್ಟು ಸಾಕ್ಷಿ ಇದ್ದ ಮೇಲೆ ತೀರ್ಪು ಬರೆಯುವುದು ಸುಲಭ ಅಲ್ವಾ? ನಾನೂ ಬರೆದೆ.

ನನ್ನ ತಪ್ಪನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯೊಳಗೇ ಅದು ಕೂತಿದೆ. ನಕ್ಷೆಯಲ್ಲಿರುವ ಬಾಣಗಳನ್ನು ನೋಡಿ ನಾನು ಸೈನ್ಯ ಲೆಕ್ಕ ಹಾಕಿದ್ದೆ. ಇಲ್ಲಿ ಎರಡು ಕೋರ್ ಕಳೆಯಿರಿ, ಅಲ್ಲಿ ಎರಡು ಕೂಡಿಸಿ, ಬಾಣ ದಪ್ಪವಾಯಿತು, ಪ್ಯಾರಿಸ್ ಬಿತ್ತು. ಬಾಣಕ್ಕೆ ಹೊಟ್ಟೆ ಹಸಿಯುವುದಿಲ್ಲ. ಕೋರ್‌ಗೆ ಹಸಿಯುತ್ತದೆ. ಒಂದು ಜರ್ಮನ್ ಕೋರ್ ಅಂದರೆ 40 ಸಾವಿರಕ್ಕೂ ಜಾಸ್ತಿ ಜನ, ಸುಮಾರು 14 ಸಾವಿರ ಕುದುರೆ. ಅದರ ಕಾದಾಡುವ ಭಾಗ ಒಂದೇ ರಸ್ತೆಯಲ್ಲಿ ಸಾಲಾಗಿ ನಡೆದರೆ ಸಾಲಿನ ಉದ್ದವೇ 30 ಕಿ.ಮೀ. ಹತ್ತಿರ ಆಗುತ್ತದೆ. ಅಷ್ಟೂ ಒಂದು ದಿನದ ನಡಿಗೆ. ಅಂದರೆ ಮುಂದಿನವನು ಸಂಜೆ ಬಿಡಾರ ಹೂಡುವಾಗ ಹಿಂದಿನವನು ಇನ್ನೂ ಬೆಳಗ್ಗೆ ಹೊರಟ ಜಾಗದ ಹತ್ತಿರವೇ ಇರುತ್ತಾನೆ. ಸಾಮಾನಿನ ಬಂಡಿಗಳು ಅವನ ಹಿಂದೆ ಬರಬೇಕು. ಅದೇ ರಸ್ತೆಗೆ ಇನ್ನೊಂದು ಕೋರ್ ಹಾಕಿದರೆ ಅದು ಕಾದಾಡುವುದಿಲ್ಲ, ಸುಮ್ನೆ ಹಿಂದೆ ನಿಂತು ಮುಂದಿನವರ ಊಟ ತಡೆಯುತ್ತದೆ. ಈ ಒಂದು ವಿಷಯ ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಇದನ್ನು ತೋರಿಸಿಕೊಟ್ಟವರು ಇತಿಹಾಸದ ಪ್ರೊಫೆಸರ್ ಅಲ್ಲ. ಪ್ರಕಾಶಕರ ಮನೆ ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರಿದ್ದರು. ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ರಿಟೈರ್ ಆದವರು. ನಾವೆಲ್ಲ ಕಾಕಾ ಅಂತಿದ್ದೆವು. ಪ್ರೂಫ್ ಓದುವ ಚಟ ಅವರಿಗೆ. ನನ್ನದನ್ನೂ ಓದಿ ಕರೆಸಿದರು. “ಛಲೋ ಬರದೀಯಪಾ. ಆದ್ರ ಈ ಎರಡು ಕೋರ್ ನಡಕೋತ ಹೋಗೂದು ಯಾವ ರಸ್ತಾದಾಗ? ಇಷ್ಟು ಕುದುರಿಗೆ ಮೇವು ಯಾವ ಸ್ಟೇಷನ್ನಿನ್ಯಾಗ ಇಳೀತೈತಿ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಪುಸ್ತಕದಲ್ಲಿ ಮೇವು ಅನ್ನುವ ಮಾತೇ ಬಂದಿರಲಿಲ್ಲ.

ಕಾಕಾ ಒಂದು ಪ್ರೂಫ್ ಹಾಳೆ ಮಗುಚಿ, ಸ್ಕೇಲ್ ಇಟ್ಟು, ಕಂಟ್ರೋಲ್ ಆಫೀಸಿನಲ್ಲಿ ಗಾಡಿಗಳ ಓಟ ಗುರುತು ಮಾಡುತ್ತಾರಲ್ಲ, ಆ ಚಾರ್ಟ್ ಹಾಕಿದರು. ಎಡಗಡೆ ಮೇಲಿನಿಂದ ಕೆಳಗೆ ಊರುಗಳು: ಆಖೆನ್, ಲಿಯೇಜ್, ಬ್ರಸೆಲ್ಸ್, ಮೊನ್ಸ್, ಲ ಕಾತೋ, ಕೊಂಪ್ಯೆನ್, ಕೊನೆಗೆ ಮಾರ್ನ್ ನದಿ. ಅಡ್ಡಕ್ಕೆ ತಾರೀಖುಗಳು. ಬಲ ತುದಿಯಲ್ಲಿದ್ದ ಕ್ಲುಕ್‌ನ ಒಂದನೇ ಸೇನೆ ಎಲ್ಲಿತ್ತು ಅಂತ ನಾನು ಹೇಳುತ್ತ ಹೋದೆ. ಆಗಸ್ಟ್ 20ಕ್ಕೆ ಬ್ರಸೆಲ್ಸ್, 23ಕ್ಕೆ ಮೊನ್ಸ್, 26ಕ್ಕೆ ಲ ಕಾತೋ, ಸೆಪ್ಟೆಂಬರ್ 1ಕ್ಕೆ ಕೊಂಪ್ಯೆನ್ ಆಸುಪಾಸು, 3–4ರ ಹೊತ್ತಿಗೆ ಮಾರ್ನ್. ನೀಲಿ ಗೆರೆ ಸರಸರ ಕೆಳಗಿಳಿಯಿತು. ಆಮೇಲೆ ಕೆಂಪು ಪೆನ್ನು ನನ್ನ ಕೈಗೆ ಕೊಟ್ಟರು. “ಈಗ ರೈಲು ಎಲ್ಲೀತನಾ ಬಂದಿತ್ತು, ನೀನ ಎಳಿ” ಅಂದರು. ಪೆನ್ನು ಎಲ್ಲಿ ಊರಬೇಕು ಅಂತಲೇ ಗೊತ್ತಾಗಲಿಲ್ಲ.

ಆ ಕೆಂಪು ಗೆರೆ ಹುಡುಕಲು ಹೋಗಿಯೇ ನನ್ನ ವಾದ ಪೂರ್ತಿ ಬಿದ್ದುಹೋಯಿತು.

ಗಡಿಯ ಒಳಗೆ ಜರ್ಮನ್ ರೈಲು ಅದ್ಭುತವಾಗಿ ನಡೆಯಿತು, ಅದರಲ್ಲಿ ಎರಡು ಮಾತಿಲ್ಲ. ಕಲೋನ್‌ನ ಹೊಹೆನ್‌ಜೊಲರ್ನ್ ಸೇತುವೆ ಮೇಲೆ ಆಗಸ್ಟ್ 2ರಿಂದ 18ರ ತನಕ ಸುಮಾರು 2,150 ಗಾಡಿಗಳು ಹಾದುಹೋದವು, ಹತ್ತು ನಿಮಿಷಕ್ಕೊಂದರಂತೆ. ಇದನ್ನು ಕೇಳಿ ಕಾಕಾ ಕುರ್ಚಿಯಿಂದ ಎದ್ದು ನಿಂತರು. ಆದರೆ ಗಡಿ ದಾಟಿದ ಮೇಲೆ ಕಥೆ ಬೇರೆ. ಬೆಲ್ಜಿಯಂನ ಲಿಯೇಜ್ ಸುತ್ತ 12 ಕೋಟೆಗಳಿದ್ದವು. ಊರು 7ರಂದೇ ಸಿಕ್ಕಿತು. ಕೋಟೆಗಳಿಗೆ 420 ಮಿ.ಮೀ. ಕ್ರುಪ್ ಫಿರಂಗಿ ತರಬೇಕಾಯಿತು, ಕೊನೆಯದು ಬಿದ್ದಾಗ ಆಗಸ್ಟ್ 16. ಬೆಲ್ಜಿಯನ್ನರು ಹಿಂದೆ ಸರಿಯುವಾಗ ಸುರಂಗ ಮುಚ್ಚಿದರು, ಸೇತುವೆ ಉರುಳಿಸಿದರು, ಎಂಜಿನ್‌ಗಳನ್ನೇ ಒಂದಕ್ಕೊಂದು ಗುದ್ದಿಸಿ ಹಳಿ ಬಂದ್ ಮಾಡಿದರು. ಮುಂದೆ ಫ್ರಾನ್ಸಿನ ಗಡಿಯಲ್ಲಿ ಮೊಬೂಜ್ ಅಂತ ಒಂದು ಕೋಟೆ ಊರು. ಲಿಯೇಜ್, ನಾಮೂರ್ ಕಡೆಯಿಂದ ಪ್ಯಾರಿಸ್‌ಗೆ ಹೋಗುವ ಮುಖ್ಯ ರೈಲು ದಾರಿಯ ಮೇಲೇ ಅದು ಕೂತಿತ್ತು. ಶರಣಾಗಿದ್ದು ಸೆಪ್ಟೆಂಬರ್ 7ಕ್ಕೆ. ಅಷ್ಟರಲ್ಲಿ ಮಾರ್ನ್ ಕದನ ಶುರುವಾಗಿಯೇ ಹೋಗಿತ್ತು. ನನ್ನ ಪುಸ್ತಕದಲ್ಲಿ ಮೊಬೂಜ್‌ಗೆ ಸಿಕ್ಕ ಜಾಗ ಒಂದು ಅಡಿಟಿಪ್ಪಣಿ!

ಒಂದನೇ ಸೇನೆಯಲ್ಲಿ ಸುಮಾರು 84 ಸಾವಿರ ಕುದುರೆ. ದಿನಕ್ಕೆ 900 ಟನ್ ಮೇವು ಬೇಕು. ಕಾಕಾ ಲೆಕ್ಕದಲ್ಲಿ ಬರೀ ಮೇವಿಗೇ ದಿನಾ ಎರಡು ಗೂಡ್ಸ್ ಗಾಡಿ. ಮಾರ್ನ್ ಹೊತ್ತಿಗೆ ಈ ಸೇನೆ ರೈಲಿನ ಕೊನೆಯ ನಿಲ್ದಾಣದಿಂದ ಸುಮಾರು 130 ಕಿ.ಮೀ. ಮುಂದೆ ಹೋಗಿತ್ತು. ಪಕ್ಕದ ಎರಡನೇ ಸೇನೆ ಇನ್ನೂ ಜಾಸ್ತಿ. ನಡುವಿನ ಆ ದೂರವನ್ನು ಕುದುರೆ ಬಂಡಿ ತುಂಬಬೇಕು, ಆ ಕುದುರೆಗೂ ಮತ್ತೆ ಮೇವು. ಲಾರಿಗಳಿದ್ದವು, ಆದರೆ ಸೆಪ್ಟೆಂಬರ್ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕೆಟ್ಟು ನಿಂತಿದ್ದವು. ಹೊಲದಲ್ಲಿ ನಿಂತಿದ್ದ ಹಸಿ ಪೈರನ್ನೇ ಕುದುರೆಗೆ ಹಾಕಿದರು. ಕುದುರೆ ಬಿದ್ದರೆ ಫಿರಂಗಿ ಎಳೆಯುವವರು ಯಾರು? ಕಾಲಾಳುಗಳು ದಿನಕ್ಕೆ 20–25 ಕಿ.ಮೀ. ನಡೆದು ನಡೆದು ನಿದ್ದೆಯಲ್ಲೇ ಹೆಜ್ಜೆ ಹಾಕುವ ಸ್ಥಿತಿಗೆ ಬಂದಿದ್ದರು.

ಈಗ ಪೂರ್ವಕ್ಕೆ ಕಳಿಸಿದ ಆ ಎರಡು ಕೋರ್‌ಗೆ ಬನ್ನಿ. ಅವು ಕ್ಲುಕ್‌ನ ಕೈಯಿಂದ ಕಿತ್ತವಲ್ಲ. ಬೆಲ್ಜಿಯಂನ ಕೋಟೆ ಊರು ನಾಮೂರ್‌ನ ಮುತ್ತಿಗೆ ಮುಗಿಸಿ ಬಿಡುವಾದ ದಳಗಳು. ಕ್ಲುಕ್ 26ಕ್ಕೆ ಲ ಕಾತೋದಲ್ಲಿದ್ದ, ಅಂದರೆ ನಾಮೂರ್‌ನಿಂದ ನೂರು ಕಿ.ಮೀ. ದೂರ. ಅವನ ಜೊತೆ ಸೇರಲು ನಾಲ್ಕೈದು ದಿನ ಹಿಂದಿನಿಂದ ಓಡಬೇಕಿತ್ತು, ಅವನಾಗಲೇ ಬಳಿದು ಖಾಲಿ ಮಾಡಿದ ಊರುಗಳ ಮೂಲಕ. ಒಂದನೇ ಮತ್ತು ಎರಡನೇ ಸೇನೆಗಳ ನಡುವೆ ಆಮೇಲೆ ಬಿದ್ದ 40–50 ಕಿ.ಮೀ. ಕಂಡಿಯನ್ನು ಅವು ಮುಚ್ಚಬಹುದಿತ್ತು ಅಂತ ಕೆಲವರು ಹೇಳುತ್ತಾರೆ. ಮುಚ್ಚಬಹುದಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕಂಡಿ ಮುಚ್ಚುವುದು ಬೇರೆ, ಪ್ಯಾರಿಸ್ ಸುತ್ತುವುದು ಬೇರೆ. ನನ್ನ ಪುಸ್ತಕ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮಾರುತ್ತಿತ್ತು.

ಆ ಕಡೆ ಫ್ರೆಂಚರ ಸೇನಾಪತಿ ಜೋಫ್ರ್ ಏನು ಮಾಡಿದ ನೋಡಿ. ಆಗಸ್ಟ್‌ನಲ್ಲಿ ಅವನ ಸೈನ್ಯ ಗಡಿಯುದ್ದಕ್ಕೂ ಏಟು ತಿಂದಿತ್ತು, 22ರ ಒಂದೇ ದಿನ ಸುಮಾರು 27 ಸಾವಿರ ಜನ ಸತ್ತಿದ್ದರು. ಅಂಥದ್ದರಲ್ಲೂ ಪೂರ್ವ ಗಡಿಯ ಆಲ್ಸಾಸ್ ಕಡೆಯಿಂದ ದಳ ಎತ್ತಿ ರೈಲಿಗೆ ಹತ್ತಿಸಿ ಇನ್ನೊಂದು ತುದಿಗೆ ತಂದ. ಪ್ಯಾರಿಸ್ ಪಕ್ಕ ಮೊನುರಿಯ ಆರನೇ ಸೇನೆ ಎದ್ದು ನಿಂತಿದ್ದು ಹಾಗೆ. ಕ್ಲುಕ್ ನಡೆಯುತ್ತಿದ್ದ, ಜೋಫ್ರ್ ರೈಲಲ್ಲಿ ಹೋಗುತ್ತಿದ್ದ. ಸೋಲುತ್ತಿದ್ದವನು ಹಿಂದೆ ಸರಿದಷ್ಟೂ ತನ್ನ ರೈಲಿಗೆ ಹತ್ತಿರವಾದ, ಗೆಲ್ಲುತ್ತಿದ್ದವನು ಮುಂದೆ ಹೋದಷ್ಟೂ ತನ್ನ ರೈಲಿಂದ ದೂರವಾದ. ಪ್ಯಾರಿಸ್ ಟ್ಯಾಕ್ಸಿ ಕಥೆ ಎಲ್ಲರಿಗೂ ಗೊತ್ತು. ಸುಮಾರು 600 ಟ್ಯಾಕ್ಸಿಗಳು ಕೆಲವು ಸಾವಿರ ಜನರನ್ನು ರಣರಂಗದ ಹತ್ತಿರ ಬಿಟ್ಟವು. ಮೀಟರ್ ಓಡುತ್ತಲೇ ಇತ್ತಂತೆ, ಸರ್ಕಾರ ಆಮೇಲೆ ಮೀಟರಿನ ಶೇ. 27 ಕೊಟ್ಟಿತು. ನಮ್ಮ ಆಟೊದವರಾದರೆ ಒನ್ ಅಂಡ್ ಹಾಫ್ ಕೇಳಿರುತ್ತಿದ್ದರು. ಚೆಂದದ ಕಥೆಯೇನೋ ಹೌದು, ಆದರೆ ಆ ಸೇನೆಯ ಬಹುಪಾಲು ಬಂದಿದ್ದು ರೈಲಲ್ಲೇ.

ಹಾಗಾದರೆ “ಮೋಲ್ಟ್‌ಕೆ ಹಾಳು ಮಾಡಿದ” ಅನ್ನುವ ಮಾತು ಎಲ್ಲಿಂದ ಬಂತು? ಯುದ್ಧ ಸೋತ ಮೇಲೆ ಬರೆಯಲು ಕೂತ ಜರ್ಮನ್ ಸೇನಾಧಿಕಾರಿಗಳಿಂದ. ಮೋಲ್ಟ್‌ಕೆ 1916ರಲ್ಲೇ ತೀರಿಕೊಂಡಿದ್ದ, ಎದುರು ಮಾತಾಡುವ ಹಾಗಿರಲಿಲ್ಲ. ಶ್ಲೀಫೆನ್ 1913ರಲ್ಲೇ ಹೋಗಿದ್ದ, ಅವನ ಯೋಜನೆ ಪರೀಕ್ಷೆಗೇ ಕೂತಿರಲಿಲ್ಲ. ಸತ್ತ ಮೇಧಾವಿ, ಸತ್ತ ಅಪರಾಧಿ, ನಡುವೆ ಬದುಕಿದ್ದವರೆಲ್ಲ ನಿರಪರಾಧಿಗಳು. ಇದರಲ್ಲಿ 1914ರಲ್ಲಿ ರೈಲು ವಿಭಾಗ ನೋಡಿಕೊಳ್ಳುತ್ತಿದ್ದ ಗ್ರೋನರ್ ಕೂಡ ಸೇರಿದ್ದಾನೆ. ಅವನು ಶ್ಲೀಫೆನ್‌ನ ಹಾಡಿ ಹೊಗಳಿದ್ದನ್ನು ಓದುವಾಗ ನನಗಂತೂ ನಗು ಬರುತ್ತದೆ.

ಹಾಲೆಂಡ್ ಆರೋಪದಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಹಾಲೆಂಡ್ ತಟಸ್ಥವಾಗಿದ್ದರೆ ವ್ಯಾಪಾರಕ್ಕೆ ಒಂದು ಬಾಗಿಲು ಉಳಿಯುತ್ತದೆ ಅಂತ ಮೋಲ್ಟ್‌ಕೆ ಅದನ್ನು ಬಿಟ್ಟ. ಅದರಿಂದ ಎರಡು ಸೇನೆಗಳ ಆರು ಲಕ್ಷಕ್ಕೆ ಹತ್ತಿರದ ಜನ ಆಖೆನ್–ಲಿಯೇಜ್ ಸಂದಿಯಲ್ಲೇ ತೂರಬೇಕಾಯಿತು.

ನಿಮಗೆ ನನ್ನ ಸಲಹೆ ಇಷ್ಟು. “ಯೋಜನೆ ಪಾಲಿಸಿದ್ದರೆ” ಅನ್ನುವ ಪ್ರಶ್ನೆಯನ್ನೇ ಕೈಬಿಡಿ. ಪಾಲಿಸಲು ಅಂಥದ್ದೊಂದು ಯೋಜನೆ ಇರಲೇ ಇಲ್ಲ. 1905ರ ಟಿಪ್ಪಣಿ ಫ್ರಾನ್ಸ್ ಒಂದರ ಜೊತೆ ಯುದ್ಧ ಅಂದುಕೊಂಡು ಬರೆದದ್ದು. ಆಗ ರಷ್ಯಾ ಜಪಾನ್ ಕೈಲಿ ಸೋತು ಮಲಗಿತ್ತು. ಅದರಲ್ಲಿ ಎಣಿಸಿರುವ ಕೆಲವು ದಳಗಳು ಕಾಗದದ ಮೇಲೆ ಮಾತ್ರ ಇದ್ದವು. 1914ರಲ್ಲಿ ರಷ್ಯಾ ಎದ್ದು ಕೂತಿತ್ತು. ಆ ಟಿಪ್ಪಣಿಯನ್ನು ಪ್ರಶ್ನೆಪತ್ರಿಕೆ ಮಾಡಿ ಮೋಲ್ಟ್‌ಕೆಗೆ ಅಂಕ ಕೊಡುವುದು ಅನ್ಯಾಯ. ಪೂರ್ವದ ಕದನಗಳನ್ನೂ ಈಗ ಮುಟ್ಟಬೇಡಿ. ಟಾನೆನ್‌ಬರ್ಗ್ ರುಚಿಯಾದ ವಿಷಯ, ಒಳಗೆ ಹೋದರೆ ಹೊರಗೆ ಬರುವುದಿಲ್ಲ.

ಬದಲಿಗೆ ಕಾಕಾ ಹಾಕಿದ ಚಾರ್ಟ್ ನೀವೂ ಹಾಕಿ. ದೊಡ್ಡ ಗ್ರಾಫ್ ಹಾಳೆ ತಗೊಂಡು ಒಂದೇ ಸೇನೆ ಹಿಡಿಯಿರಿ, ಕ್ಲುಕ್‌ನದೇ ಆಗಲಿ. ನೀಲಿ ಗೆರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಕೆಂಪು ಗೆರೆಗೆ ತಿಂಗಳುಗಳು ಬೇಕು, ಪ್ರಬಂಧ ಇರುವುದು ಅಲ್ಲೇ. ಬೇಕಾದರೆ ಜೋಫ್ರ್‌ನ ಗಾಡಿಗಳಿಗೆ ಮೂರನೇ ಬಣ್ಣ.

ಕನ್ನಡದಲ್ಲಿ ಬರೆಯುವುದರಿಂದ ನಮ್ಮವರ ಕೊಂಡಿಯೂ ಇರಲಿ ಅಂತ ಗೈಡ್ ಹೇಳಿದ್ದಾರೆ ಅಂತ ಬರೆದಿದ್ದೀರಿ. ಈ ವಿಷಯಕ್ಕೆ ಅದನ್ನು ತುರುಕಬೇಡಿ. ಭಾರತೀಯ ಸೈನ್ಯದ ಲಾಹೋರ್ ಡಿವಿಷನ್ ಮಾರ್ಸೇಲ್‌ಗೆ ಇಳಿದಿದ್ದು ಸೆಪ್ಟೆಂಬರ್ 26ಕ್ಕೆ, ಮಾರ್ನ್ ಮುಗಿದ ಮೇಲೆ. ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಸೂಯೆಜ್ ಕಡೆಗೆ, ಪ್ಯಾಲೆಸ್ತೀನಿನ ಹೈಫಾ ಊರಿನ ಮೇಲೆ ಅವರ ದಾಳಿ 1918ರದು. ಅದು ಬೇಕಿದ್ದರೆ ಅದನ್ನೇ ಪೂರ್ತಿ ವಿಷಯ ಮಾಡಿಕೊಳ್ಳಿ. ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋದರೆ ಮೈಸೂರು ಸಂಸ್ಥಾನದ ಹಳೆಯ ಕಡತಗಳಿವೆ. ಅವರದೂ ಕುದುರೆ ದಳವೇ, ಮೇವಿನ ಪ್ರಶ್ನೆ ಅಲ್ಲೂ ಬರುತ್ತದೆ.

ಯಾವುದೇ ಆಗಲಿ, ಸಿನಾಪ್ಸಿಸ್ ಕೊಡುವ ಮೊದಲೇ ಶೀರ್ಷಿಕೆ ಬದಲಿಸಿ. “ಒಂದನೇ ಸೇನೆಯ ಸರಬರಾಜು, ಆಗಸ್ಟ್–ಸೆಪ್ಟೆಂಬರ್ 1914” ಅಂತ ಇಟ್ಟರೆ ಸಾಕು. ಗೈಡ್ ಒಪ್ಪದಿದ್ದರೆ, 1905ರ ಟಿಪ್ಪಣಿಯಲ್ಲಿ ರಷ್ಯಾ ಎಲ್ಲಿದೆ ಅಂತ ಅವರನ್ನೇ ಒಮ್ಮೆ ಕೇಳಿ.