ಕ್ಯಾಟಲಾಗ್ ನಂಬರ್ ಅದೇ, ಬ್ಯಾಂಡ್ ಮಾತ್ರ ಬೇರೆ!

ಪ್ರಶ್ನೆ: ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನಾದ ಹಿಸ್ಟೋನ್ ಎಚ್3ರಲ್ಲಿ 27ನೇ ಲೈಸಿನ್ (27ನೇ ಜಾಗದಲ್ಲಿರುವ ಅಮೈನೋ ಆಮ್ಲ) ಮೇಲಿರುವ ಟ್ರೈಮಿಥೈಲ್ ಗುರುತು, ಅಂದರೆ ಮೂರು ಮಿಥೈಲ್ ಗುಂಪು, ನೋಡೋಕೆ ಅದಕ್ಕೇ ಅಂಟಿಕೊಳ್ಳುವ ಪಾಲಿಕ್ಲೋನಲ್ ಆಂಟಿಬಾಡಿ ಬಳಸುತ್ತಿದ್ದೇನೆ. ಹಳೇ ಟ್ಯೂಬ್ ಮುಗಿದು ಹೊಸ ಲಾಟ್ (ತಯಾರಿಕೆಯ ಬ್ಯಾಚ್) ಬಂತು. ಕ್ಯಾಟಲಾಗ್ ನಂಬರ್ ಅದೇ, ಪ್ರೋಟೋಕಾಲ್ ಅದೇ, ಆದರೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಬ್ಯಾಂಡ್ ಆಗಿ ನೋಡುವ ಪರೀಕ್ಷೆ) ಬೇರೆ ಥರ ಬರುತ್ತಿದೆ. ಸೀನಿಯರ್‌ಗಳು ನಿನ್ನ ಕೈಯೇ ಸರಿಯಿಲ್ಲ ಅನ್ನುತ್ತಾರೆ. ಏನು ಮಾಡಲಿ?
– ಪಿಎಚ್.ಡಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲು ಅನುಮಾನ ಪಡಬೇಕಾದ್ದು ಟ್ಯೂಬಿನ ಮೇಲೆ, ನಿಮ್ಮ ಕೈ ಮೇಲಲ್ಲ. ಪಾಲಿಕ್ಲೋನಲ್ ಅಂದರೆ ಪ್ರಾಣಿಯ ರಕ್ತದಿಂದ ತೆಗೆದ ಹಲವು ಆಂಟಿಬಾಡಿಗಳ ಮಿಶ್ರಣ. ಮೊಲ ಬದಲಾದರೆ ಮಿಶ್ರಣವೂ ಬದಲಾಗುತ್ತದೆ, ಕ್ಯಾಟಲಾಗ್ ನಂಬರ್ ಮಾತ್ರ ಹಾಗೇ ಇರುತ್ತದೆ.

ಹಿಸ್ಟೋನ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಎಚ್3ರ 9ನೇ ಲೈಸಿನ್ ಸುತ್ತ ನೋಡಿ: ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್. 27ನೇ ಲೈಸಿನ್ ಸುತ್ತಲೂ ಇದೇ ನಾಲ್ಕು, ಇದೇ ಕ್ರಮದಲ್ಲಿ! ಎರಡಕ್ಕೂ ಮೂರು ಮಿಥೈಲ್ ಅಂಟಿಕೊಂಡರೆ ಆಂಟಿಬಾಡಿ ಒಂದನ್ನು ಇನ್ನೊಂದು ಅಂತ ಹಿಡಿದುಬಿಡಬಹುದು. ಎರಡು ಮಿಥೈಲ್ ಇರೋದನ್ನೂ ಮೂರು ಅಂತ ಹಿಡಿಯಬಹುದು, ವ್ಯತ್ಯಾಸ ಬರೀ 14 ಡಾಲ್ಟನ್ ಅಲ್ವಾ? ಇದು ಅಪರೂಪದ ಸಮಸ್ಯೆಯೂ ಅಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 57 ಹಿಸ್ಟೋನ್ ಗುರುತುಗಳಿಗೆ ಇರುವ 200ಕ್ಕೂ ಹೆಚ್ಚು ಆಂಟಿಬಾಡಿಗಳನ್ನು ಪರೀಕ್ಷಿಸಿತು. ಹೆಚ್ಚಿನವು ಚೆನ್ನಾಗೇ ಇದ್ದವು, ಆದರೆ ಶೇ. 25ಕ್ಕೂ ಜಾಸ್ತಿ ಡಾಟ್ ಬ್ಲಾಟ್ (ಸ್ಯಾಂಪಲ್ಲನ್ನು ಮೆಂಬ್ರೇನ್ ಮೇಲೆ ಚುಕ್ಕೆ ಇಟ್ಟು ಆಂಟಿಬಾಡಿ ಹಾಕಿ ನೋಡೋದು) ಅಥವಾ ವೆಸ್ಟರ್ನ್‌ನಲ್ಲೇ ಫೇಲ್ ಆದವು. ಪಾಸಾದವುಗಳಲ್ಲೂ ಶೇ. 20ಕ್ಕೂ ಜಾಸ್ತಿ ಚಿಪ್ (ChIP, ಗುರುತಿರುವ ಡಿಎನ್‌ಎ ತುಣುಕುಗಳನ್ನು ಆಂಟಿಬಾಡಿಯಿಂದ ಹಿಡಿದು ತೆಗೆಯುವ) ಪ್ರಯೋಗದಲ್ಲಿ ಕೈಕೊಟ್ಟವು.

ಹಾಗಾಗಿ ಈ ವಾರವೇ ಒಂದು ಡಾಟ್ ಬ್ಲಾಟ್ ಮಾಡಿ. ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ಮೇಲೆ 27ನೇ ಲೈಸಿನ್‌ನ ಮೂರು, ಎರಡು, ಒಂದು ಮಿಥೈಲ್ ಇರುವ ಪೆಪ್ಟೈಡ್‌ಗಳು (ಪ್ರೋಟೀನಿನ ಚಿಕ್ಕ ತುಣುಕುಗಳು), ಏನೂ ಇಲ್ಲದ್ದು, ಜೊತೆಗೆ 9ನೇ ಲೈಸಿನ್‌ನ ಟ್ರೈಮಿಥೈಲ್, ಇಷ್ಟನ್ನೂ ಬೇರೆ ಬೇರೆ ಡೈಲ್ಯೂಷನ್‌ಗಳಲ್ಲಿ ಚುಕ್ಕೆ ಇಡಿ. ಹಳೇ ಲಾಟ್‌ನ ತೊಟ್ಟು ಉಳಿದಿದ್ದರೆ ಅದರದ್ದೂ ಪಕ್ಕದಲ್ಲೇ ಇರಲಿ. ವೆಸ್ಟರ್ನ್ ಮಾಡುವಾಗ ಇ. ಕೊಲೈನಲ್ಲಿ ತಯಾರಾದ ಎಚ್3ಗೆ ಒಂದು ಲೇನ್ ಬಿಡಿ, ಅದರಲ್ಲಿ ಈ ಗುರುತು ಇರೋದಿಲ್ಲ. ಅಲ್ಲೂ ಬ್ಯಾಂಡ್ ಕಂಡರೆ ಆ ಟ್ಯೂಬನ್ನು ನಂಬಬೇಡಿ. ಸಾಧ್ಯವಾದರೆ ಈ ಗುರುತನ್ನು ಹಾಕುವ ಇಝಡ್‌ಎಚ್2 ಕಿಣ್ವವನ್ನು ತಡೆಯುವ ಇನ್ಹಿಬಿಟರ್ ಕೊಟ್ಟ ಕೋಶಗಳ ಸ್ಯಾಂಪಲ್ಲೂ ಹಾಕಿ, ಬ್ಯಾಂಡ್ ಇಳಿಯಲೇಬೇಕು. ಮೆಂಬ್ರೇನ್ 0.2 ಮೈಕ್ರಾನ್‌ದು ಬಳಸಿ. ಎಚ್3 ಚಿಕ್ಕ ಪ್ರೋಟೀನು, 0.45ರಲ್ಲಿ ದಾಟಿ ಹೋಗಬಹುದು.

ಚಿಪ್‌ಗೆ ಮಾತ್ರ ಬೇರೆ ಪರೀಕ್ಷೆ ಬೇಕೇ ಬೇಕು. ಈ ಗುರುತು ಇರೋದು ಮುಚ್ಚಿಕೊಂಡ ಜೀನ್‌ಗಳ ಮೇಲೆ. ಹಾಗಾಗಿ ನಿಮ್ಮ ಕೋಶದಲ್ಲಿ ಮುಚ್ಚಿಕೊಂಡಿರುವ ಒಂದು ಹಾಕ್ಸ್ ಜೀನ್‌ನಲ್ಲಿ (ದೇಹದ ಬೆಳವಣಿಗೆ ನಿರ್ದೇಶಿಸುವ ಜೀನ್) ಸಿಗ್ನಲ್ ಜಾಸ್ತಿ ಬರಬೇಕು, ಸದಾ ಕೆಲಸ ಮಾಡುವ ಜಿಎಪಿಡಿಎಚ್ ಜೀನ್‌ನ ಪ್ರೊಮೋಟರ್‌ನಲ್ಲಿ (ಜೀನ್ ಶುರುವಾಗುವ ಜಾಗ) ತೀರಾ ಕಡಿಮೆ.

ಮುಂದಿನ ಸಲ ರಿಕಾಂಬಿನಂಟ್ ಆಂಟಿಬಾಡಿ (ಗೊತ್ತಿರುವ ಜೀನ್‌ನಿಂದ ಲ್ಯಾಬಿನ ಕೋಶಗಳಲ್ಲಿ ತಯಾರಿಸಿದ್ದು) ತರಿಸಿ ಅಂತಲೇ ನನ್ನ ಸಲಹೆ. ಅದರಲ್ಲೂ ಪರೀಕ್ಷೆ ತಪ್ಪೋದಿಲ್ಲ, ಆದರೆ ಲಾಟ್‌ನಿಂದ ಲಾಟ್‌ಗೆ ಇಷ್ಟು ಏರುಪೇರು ಇರೋದಿಲ್ಲ. ನೋಟ್‌ಬುಕ್‌ನಲ್ಲಿ ಲಾಟ್ ನಂಬರ್ ಬರೆಯೋದು ಮರೆಯಬೇಡಿ. ಡಾಟ್ ಬ್ಲಾಟ್ ಫಿಲ್ಮನ್ನು ಸೀನಿಯರ್‌ಗಳ ಮುಂದೆ ಇಡಿ, ಕೈ ಸರಿಯಿದೆಯೋ ಇಲ್ಲವೋ ಅದೇ ಹೇಳಲಿ.

ಪ್ರಶ್ನೆ: ವಿಭಜನೆಯಾಗುತ್ತಿರುವ ಕೋಶಗಳಲ್ಲಿ 9ನೇ ಲೈಸಿನ್‌ನ ಟ್ರೈಮಿಥೈಲ್ ಕಾಣಿಸೋದೇ ಇಲ್ಲ. ಗುರುತು ಅಳಿಸಿಹೋಯಿತೇ?
– ಓದುಗರು, ಧಾರವಾಡ

ಉತ್ತರ: ಹಾಗೇ ಅಂದುಕೊಳ್ಳಬೇಡಿ. ಆ ಹೊತ್ತಿಗೆ ಪಕ್ಕದ 10ನೇ ಸೆರಿನ್‌ಗೆ ಫಾಸ್ಫೇಟ್ ಸೇರುತ್ತದೆ. ಗುರುತು ಅಲ್ಲೇ ಇದ್ದರೂ ಕೆಲವು ಆಂಟಿಬಾಡಿಗಳಿಗೆ ಅದು ಅಡ್ಡವಾಗುತ್ತದೆ. ಸ್ಯಾಂಪಲ್‌ಗೆ ಫಾಸ್ಫೇಟ್ ಕತ್ತರಿಸುವ ಕಿಣ್ವವಾದ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ ಮತ್ತೆ ನೋಡಿ. ಸಿಗ್ನಲ್ ವಾಪಸ್ ಬಂದರೆ ಗುರುತು ಎಲ್ಲೂ ಹೋಗಿಲ್ಲ.