ನೋಹನ ಪ್ರಳಯ ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳಾ?

ನೀವು ಸಂಡೇ ಸ್ಕೂಲ್ ಟೀಚರ್. ಮುಂದಿನ ವಾರ ಜಲಪ್ರಳಯದ ಪಾಠ, ದೇವರು ಲೋಕವನ್ನೆಲ್ಲ ನೀರಲ್ಲಿ ಮುಳುಗಿಸಿ ನೋಹನ ಮನೆಯವರನ್ನೂ ಪ್ರಾಣಿಗಳನ್ನೂ ನಾವೆಯಲ್ಲಿ ಉಳಿಸಿದ ಬೈಬಲಿನ ಕಥೆ. ನಿಮಗೇ ಅದರ ಮೇಲೆ ನಂಬಿಕೆ ಇಲ್ಲ. "ಇದು ಸುಳ್ಳಾದರೆ ಉಳಿದದ್ದೂ ಸುಳ್ಳೇ ಅಲ್ವಾ? ಮಕ್ಕಳಿಗೆ ಏನು ಹೇಳಲಿ?" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಹೇಳಿದ್ದೆ. ಅವನು ನನ್ನ ತಮ್ಮ.

2003ರ ಮೇ ತಿಂಗಳು. ತುಂಗಭದ್ರೆ ದಂಡೆಯ ನಮ್ಮ ಊರಿನ ಚಿಕ್ಕ ಚರ್ಚಿನಲ್ಲಿ ಬೇಸಿಗೆ ರಜೆಯ ಬೈಬಲ್ ಶಾಲೆ. ನಾನು ಆಗಷ್ಟೇ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ಯಾರೋ ಕೊಟ್ಟ ಕರಪತ್ರದಲ್ಲಿ ಒಂದು ಫೋಟೋ ಇತ್ತು. ಪೂರ್ವ ಟರ್ಕಿಯ ಗುಡ್ಡಗಾಡಿನಲ್ಲಿ ದೋಣಿ ಆಕಾರದ ದಿಬ್ಬ. 1959ರಲ್ಲಿ ಅಲ್ಲಿನ ಸೇನೆಯ ಕ್ಯಾಪ್ಟನ್ ದುರುಪಿನಾರ್ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಗುರುತಿಸಿದ ಜಾಗ. ಮೇಲೆ ದಪ್ಪಕ್ಷರದಲ್ಲಿ "ನಾವೆ ಸಿಕ್ಕಿದೆ" ಅಂತಿತ್ತು. ಅದನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿದೆ. ಬೈಬಲಿನಲ್ಲಿ ನಾವೆಯ ಉದ್ದ ಮುನ್ನೂರು ಮೊಳ. ಅದು ಅಂದರೆ ಎಷ್ಟು ಅಂತ ತೋರಿಸಬೇಕಿತ್ತಲ್ಲ, ಹೂ ಮಾರುವವರ ಹಾಗೆ ಮೊಣಕೈಯಿಂದ ಬೆರಳ ತುದಿವರೆಗೆ ಹಗ್ಗ ಅಳೆದು, ಚರ್ಚಿನ ಗೇಟಿನಿಂದ ಹೊಳೆ ದಾರಿ ಉದ್ದಕ್ಕೂ ಹಾಸಿದೆ. ಹತ್ತಿರ ಹತ್ತಿರ 135 ಮೀಟರ್. ಮಕ್ಕಳು ಆ ಹಗ್ಗದ ಪಕ್ಕದಲ್ಲೇ ಓಡಾಡಿ ಕುಣಿದರು.

ತಮ್ಮ ಮಾತ್ರ ಕೂತಲ್ಲೇ ಕೈ ಎತ್ತಿದ. ಈಜು, ಗಾಳ, ಬಲೆ ಅಂತ ಹೊಳೆಯಲ್ಲೇ ಬೆಳೆದವನು. "ಅಣ್ಣ, ಮೀನು ನಾವೆಯೊಳಗೆ ಇರಲಿಲ್ಲ ಅಲ್ವಾ? ಬೆಟ್ಟ ಮುಚ್ಚುವಷ್ಟು ಸಮುದ್ರದ ನೀರು ಬಂದರೆ ನಮ್ಮ ಹೊಳೆ ಮೀನು ಉಪ್ಪುನೀರಲ್ಲಿ ಹೇಗೆ ಬದುಕಿದವು?"

ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಇಷ್ಟು: "ನಾವೆ ಸುಳ್ಳಾದರೆ ಶಿಲುಬೆಯೂ ಸುಳ್ಳು. ಎರಡನ್ನೂ ನಂಬು, ಇಲ್ಲ ಎರಡನ್ನೂ ಬಿಡು."

ಅವನು ಎರಡನ್ನೂ ಬಿಟ್ಟ. ಎರಡು ವರ್ಷದ ಮೇಲೆ, ನಂಬಿಕೆಯನ್ನು ಎಲ್ಲರೆದುರು ಒಪ್ಪಿಕೊಳ್ಳುವ ದೃಢೀಕರಣಕ್ಕೆ ಹೆಸರು ಕೊಡಲಿಲ್ಲ. ಅಮ್ಮ ಅತ್ತರು, ಅಪ್ಪ ಮಾತು ಬಿಟ್ಟರು. ಮನೆಯಲ್ಲಿ ಕ್ರಿಸ್ಮಸ್ ಊಟಕ್ಕೆ ಒಂದು ತಟ್ಟೆ ಕಡಿಮೆ ಆಯಿತು.

ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಜನ ಬೇರೆ ಏನೋ ಅಂದುಕೊಳ್ಳುತ್ತಾರೆ. ಫೋಟೋ ನಂಬಿದ್ದು ದೊಡ್ಡ ವಿಷಯವೇ ಅಲ್ಲ. ಅದು ಮನುಷ್ಯ ಕಟ್ಟಿದ್ದಲ್ಲ, ತಾನಾಗಿ ಆದ ಕಲ್ಲುಮಣ್ಣಿನ ದಿಬ್ಬ ಅಂತ ಭೂವಿಜ್ಞಾನಿಗಳು ಹೇಳಿದ್ದು ಆಮೇಲೆ ಓದಿದೆ, ತಿದ್ದಿಕೊಂಡೆ. ಮೀನಿನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದದ್ದೂ ತಪ್ಪಲ್ಲ. ನಾನು ಮಾಡಿದ ತಪ್ಪು ಗಂಟು ಹಾಕಿದ್ದು. ನಾವೆಯನ್ನೂ ಶಿಲುಬೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಮಗುವಿನ ಕೈಗೆ ಕೊಟ್ಟೆ. ಆ ಗಂಟು ಸಭೆ, ಅಂದರೆ ಚರ್ಚು, ಹಾಕಿದ್ದಲ್ಲ. ಭಾನುವಾರ ಎದ್ದು ನಿಂತು ಹೇಳುವ ವಿಶ್ವಾಸ ಪ್ರಮಾಣವನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಅದರಲ್ಲಿ ಕನ್ಯೆ ಮರಿಯಳಿದ್ದಾಳೆ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪೊಂತ್ಯ ಪಿಲಾತ ಕೂಡ ಇದ್ದಾನೆ, ನೋಹ ಇಲ್ಲ. ಸಭೆ ಕೇಳದ ಷರತ್ತನ್ನು ನಾನು ಹಾಕಿದೆ. ಅದೂ ನನ್ನ ಮರ್ಯಾದೆ ಉಳಿಸಿಕೊಳ್ಳೋದಕ್ಕೆ. "ಗೊತ್ತಿಲ್ಲ ಕಣೋ, ಒಳ್ಳೆ ಪ್ರಶ್ನೆ" ಅಂದಿದ್ದರೆ ಮುಗಿದು ಹೋಗುತ್ತಿತ್ತು.

ಅದೇ ಹಗ್ಗ ನನ್ನ ಕುತ್ತಿಗೆಗೂ ಬಂತು. ಆ ಕರಪತ್ರದಲ್ಲಿ ಪ್ರಳಯದ ವರ್ಷ ಕ್ರಿ.ಪೂ. 2348 ಅಂತಿತ್ತು. ಅದು 17ನೇ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿ ಕೂಡಿಸಿ ತೆಗೆದ ಲೆಕ್ಕ. ಒಂದು ಸೋಮವಾರ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದೆ: ಹರಪ್ಪ ನಗರಗಳು, ಕ್ರಿ.ಪೂ. 2600ರಿಂದ 1900. ಬರೆದ ಮೇಲೆ ಸೀಮೆಸುಣ್ಣ ಕೈಯಲ್ಲೇ ನಿಂತಿತು. ಲೋಕವೆಲ್ಲ ನೀರಿನಡಿ ಇರಬೇಕಾದ ಆ ವರ್ಷ ಮೊಹೆಂಜೊದಾರೋದಲ್ಲಿ ಜನ ಇಟ್ಟಿಗೆ ಸುಡುತ್ತಿದ್ದರು, ಚರಂಡಿ ಕಟ್ಟುತ್ತಿದ್ದರು. ಭಾನುವಾರ ಒಂದು, ಸೋಮವಾರ ಇನ್ನೊಂದು ಕಲಿಸುತ್ತಿದ್ದೆ ನಾನು.

ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಸ್ಮಿತ್ ಪುರಾತನ ನಿನೆವೆ ನಗರದ ಮಣ್ಣಿನ ಹಲಗೆಯೊಂದನ್ನು ಓದಿ, ಬ್ಯಾಬಿಲೋನಿನವರ ಪ್ರಳಯ ಕಥೆಯನ್ನು ಹೊರಗೆ ತಂದ. ಅಲ್ಲಿ ನೋಹನ ಹಾಗೇ ಉತನಪಿಷ್ಟಿಮ್ ಎಂಬವನು ದೋಣಿ ಕಟ್ಟುತ್ತಾನೆ, ಪಾರಿವಾಳ ಬಿಡುತ್ತಾನೆ, ಕಾಗೆ ಬಿಡುತ್ತಾನೆ, ಇಳಿದ ಮೇಲೆ ಬಲಿ ಕೊಡುತ್ತಾನೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೇ ಹಾಕಿದ ಷರತ್ತಿನ ಪ್ರಕಾರ ಶಿಲುಬೆಯೂ ಹೋಯಿತಲ್ಲ. ಕೆಲವು ವರ್ಷ ಅಮ್ಮನಿಗೋಸ್ಕರ ಸುಮ್ನೆ ಚರ್ಚಿಗೆ ಹೋಗಿ ಕೂತು ಬರುತ್ತಿದ್ದೆ.

2009ರ ಅಕ್ಟೋಬರ್ ಮೊದಲ ವಾರ ಹೊಳೆ ಉಕ್ಕಿತು. ಉತ್ತರ ಕರ್ನಾಟಕದವರಿಗೆ ಆ ವಾರ ನೆನಪಿಸುವುದೇ ಬೇಡ. ಸಿರುಗುಪ್ಪ ಕಡೆ ನಮ್ಮ ಅಜ್ಜಿಯ ಹಳ್ಳಿ ನೀರಲ್ಲಿತ್ತು. ತಮ್ಮ ನನ್ನನ್ನು ಕರೆಯಲೂ ಇಲ್ಲ, ಹರಿಗೋಲು ಇಳಿಸಿದ. ನಾನೇ ಹತ್ತಿ ಕೂತೆ. ಬಿದಿರಿನ ಹೆಣಿಗೆ, ಹೊರಗೆ ಟಾರ್ಪಾಲು, ಅದರ ಮೇಲೆ ಡಾಂಬರು. ಅಜ್ಜಿ ಮಾಳಿಗೆ ಮೇಲೆ ಕೂತಿದ್ದರು. ಮೊದಲು ಬೀಜದ ಜೋಳದ ಗಡಿಗೆ ಕೊಟ್ಟರು. ಆಮೇಲೆ ಎರಡು ಕೋಳಿ. ಆಮೇಲೆ ಮೇಕೆ ಮರಿ. ಕೊನೆಗೆ ತಾವು ಇಳಿದರು. ಸುತ್ತ ಕೆಂಪು ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಲೋಕಾ ಎಲ್ಲಾ ಮುಣುಗಿ ಹೋತಲ್ಲಪ್ಪಾ" ಅಂದರು.

ಅವರನ್ನು ಯಾರೂ ತಿದ್ದಲಿಲ್ಲ. ಮೀನಿನ ಪ್ರಶ್ನೆ ಕೇಳಿದ ತಮ್ಮ ಕೂಡ ತಿದ್ದಲಿಲ್ಲ. "ಹೌದಜ್ಜಿ" ಅಂದು ಹುಟ್ಟು ಹಾಕಿದ.

ಅದಕ್ಕೇ ನಾನು ನಿಮ್ಮ ಪ್ರಶ್ನೆಯನ್ನೇ ಒಪ್ಪುವುದಿಲ್ಲ. ಅಜ್ಜಿ ಹೇಳಿದ್ದು ಸುಳ್ಳಾ? ನೋಹನ ಕಥೆ ಇರುವ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ "ಭೂಮಿ" ಅಂತ ನಾವು ಓದುವ ಕಡೆ ಹೀಬ್ರೂ ಪದ ಎರೆತ್ಸ್. ಅದಕ್ಕೆ ಭೂಮಿ ಅಂತಲೂ ಅರ್ಥ, ನಾಡು ಅಂತಲೂ ಅರ್ಥ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ನಡುವಿನ ಬಯಲಿನ ಜನ, ಅಂದರೆ ಬ್ಯಾಬಿಲೋನಿನವರು, ನೆರೆಯನ್ನು ಮತ್ತೆ ಮತ್ತೆ ಕಂಡವರು. ಸುಮಾರು ಕ್ರಿ.ಪೂ. 1750ರ ಇನ್ನೊಂದು ಹಲಗೆಯನ್ನು ಅದೇ ಬ್ರಿಟಿಷ್ ಮ್ಯೂಸಿಯಮ್ಮಿನ ಅರ್ವಿಂಗ್ ಫಿಂಕೆಲ್ ಓದಿದ್ದಾರೆ. ಅದರಲ್ಲಿ ದೋಣಿ ದುಂಡಗಿದೆ! ಹಗ್ಗ ಸುತ್ತಿ ಸುತ್ತಿ ಹೆಣೆದು ಡಾಂಬರು ಬಳಿಯಬೇಕು ಅಂತ ಲೆಕ್ಕ ಸಮೇತ ಬರೆದಿದೆ. ಹರಿಗೋಲೇ ಅದು. ಅದನ್ನು ಓದುವಾಗ ನನ್ನ ಮೂಗಿಗೆ ಆವತ್ತಿನ ಡಾಂಬರಿನ ವಾಸನೆ ಬಂತು.

ಕಥೆ ಬ್ಯಾಬಿಲೋನಿನವರದ್ದು ಅಂತ ಗೊತ್ತಾದರೆ ನಿಮ್ಮ ಪಾಠ ಸಪ್ಪೆಯಾಗುವುದಿಲ್ಲ, ರುಚಿ ಹತ್ತುತ್ತದೆ. ಅವರ ಹಳೆಯ ಕಥೆಯಲ್ಲಿ ದೇವರು ಪ್ರಳಯ ತರುವುದು ಮನುಷ್ಯರ ಗಲಾಟೆಯಿಂದ ನಿದ್ದೆ ಕೆಟ್ಟಿತು ಅಂತ. ಆದಿಕಾಂಡದಲ್ಲಿ ಕಾರಣ ಹಿಂಸೆ, ಲೋಕದಲ್ಲಿ ತುಂಬಿದ ಹಿಂಸೆ. ಅದನ್ನು ನೋಡಿ ದೇವರು ಎದೆಯೊಳಗೆ ನೊಂದುಕೊಳ್ಳುತ್ತಾನೆ. ಅದೇ ನೀರು, ಅದೇ ದೋಣಿ, ಬೇರೆ ದೇವರು. ಮಕ್ಕಳಿಗೆ ಇದನ್ನು ಹೇಳಿ.

ಯೇಸುವೇ ನೋಹನ ಹೆಸರು ಹೇಳಿದ್ದಾನಲ್ಲ ಅಂತ ಪಾಸ್ಟರ್ ಕೇಳಬಹುದು. ಹೇಳಿದ್ದಾನೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿದ ಒಳ್ಳೆಯ ಸಮಾರ್ಯದವನ ಕಥೆಯನ್ನೂ ಹೇಳಿದ್ದಾನೆ, ಆ ಛತ್ರದ ವಿಳಾಸವನ್ನು ಯಾರೂ ಹುಡುಕುವುದಿಲ್ಲ. ಇನ್ನು ಇರಾಕಿನ ಪುರಾತನ ಊರ್ ನಗರದಲ್ಲಿ ಪುರಾತತ್ವಜ್ಞ ವೂಲಿ ಅಗೆದಾಗ ಸಿಕ್ಕ ಮೆಕ್ಕಲು ಪದರ, ಕಪ್ಪು ಸಮುದ್ರ ಉಕ್ಕಿದ ವಾದ, ಇವುಗಳನ್ನು ಹಿಡಿದು ಪ್ರಳಯಕ್ಕೆ ಸಾಕ್ಷಿ ಒದಗಿಸಲು ಹೋಗಬೇಡಿ. ಟೈಗ್ರಿಸ್, ಯೂಫ್ರೆಟಿಸ್ ಬಯಲಿನ ಬೇರೆ ಬೇರೆ ಊರುಗಳ ನೆರೆ ಪದರಗಳು ಒಂದೇ ಕಾಲದವಲ್ಲ. ಅದೂ ನನ್ನ ಫೋಟೋದ ದಾರಿಯೇ.

ಮಾದರಿ ಬೇಕಾದರೆ ಆಡಂ ಸೆಜ್ವಿಕ್ ಇದ್ದಾನೆ. ಪಾದ್ರಿ, ಜೊತೆಗೆ ಭೂವಿಜ್ಞಾನಿ. ಅಲ್ಲಲ್ಲಿ ಕಾಣುವ ಜಲ್ಲಿ ರಾಶಿಯೆಲ್ಲ ಒಂದೇ ಮಹಾಪ್ರಳಯದ್ದು ಅಂತ ಕಲಿಸುತ್ತಿದ್ದವನು. 1831ರಲ್ಲಿ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದಾಗ ಎಲ್ಲರೆದುರು ಆ ಮಾತನ್ನು ವಾಪಸ್ ತೆಗೆದುಕೊಂಡ. ಸಾಯುವವರೆಗೂ ಪಾದ್ರಿಯಾಗಿಯೇ ಇದ್ದ.

ನಾನು ನನ್ನ ಮಾತು ವಾಪಸ್ ತೆಗೆದುಕೊಳ್ಳುವುದಕ್ಕೆ ತುಂಬಾ ವರ್ಷ ಬೇಕಾಯಿತು. ಹೋದ ಕ್ರಿಸ್ಮಸ್‌ಗೆ ತಮ್ಮನಿಗೆ ಫೋನ್ ಮಾಡಿದೆ. "ಆವತ್ತು ನಿನ್ನ ಪ್ರಶ್ನೆ ಸರಿ ಇತ್ತು. ನನ್ನ ಉತ್ತರ ತಪ್ಪು. ಎರಡನ್ನೂ ಕಟ್ಟಿ ಕೊಡಬಾರದಿತ್ತು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಣ್ಣ, ಆ ಹಗ್ಗ ಇನ್ನೂ ಇದೆಯಾ?" ಅಂತ ಕೇಳಿದ. ಇದೆ ಅಂದೆ. ಅಮ್ಮ ಅದರಲ್ಲಿ ಬಟ್ಟೆ ಒಣಗಿಸುತ್ತಾರೆ.