ಕೆಡವಿ ಹಾಗೇ ಕಟ್ಟಿದರೆ ಆಗಲ್ವಾ?

ಪ್ರಶ್ನೆ: ಮೈಸೂರಿನ ದೇವರಾಜ ಮಾರ್ಕೆಟ್ ಶಿಥಿಲವಾಗಿದೆ, ಒಂದು ಕಡೆ ಬಿದ್ದೂ ಹೋಗಿದೆ. ಪೂರ್ತಿ ಕೆಡವಿ ನೋಡೋಕೆ ಅದೇ ಥರ ಇರುವ ಹೊಸದನ್ನು ಕಟ್ಟಿದರೆ ತಪ್ಪೇನು? ಜನರ ಜೀವಕ್ಕಿಂತ ಗೋಡೆ ದೊಡ್ಡದಾ?
– ಮೈಸೂರಿನ ಓದುಗರೊಬ್ಬರು

ಉತ್ತರ: ಜೀವಕ್ಕಿಂತ ಯಾವ ಗೋಡೆಯೂ ದೊಡ್ಡದಲ್ಲ. 2012ರ ಆಗಸ್ಟ್‌ನಲ್ಲಿ ನಿಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಹಳೆ ಪುಸ್ತಕ ಹುಡುಕಿಕೊಂಡು ಜನ ಹೋಗುತ್ತಿದ್ದ ಜಾಗ ಅದು. ಅದಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ಮಾರ್ಕೆಟ್‌ನ ಉತ್ತರ ಬಾಗಿಲಿನ ಭಾಗ ಬಿತ್ತು, ಅದೂ ರಿಪೇರಿ ಕೆಲಸ ನಡೆಯುತ್ತಿದ್ದಾಗ. ಹಾಗಾಗಿ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಇವು ಯಾಕೆ ಬೀಳುತ್ತವೆ ಅಂತ ಕೇಳಬೇಕಲ್ವಾ? ಇಂಥ ಹಳೇ ಕಟ್ಟಡಗಳ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಹದ ಮಾಡುತ್ತಿದ್ದರು. ಇಂಥ ಗೋಡೆ ಮಳೆಗಾಲದಲ್ಲಿ ಒದ್ದೆ ಆಗುತ್ತದೆ, ಬಿಸಿಲಿಗೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇರಲ್ಲ. ಹೋದ ಮಳೆಗಾಲ ಒಂದು ಹಳೇ ಛತ್ರದಲ್ಲಿ ಸಿಮೆಂಟ್ ಬಳಿದ ಗೋಡೆಯನ್ನು ಬೆರಳಲ್ಲಿ ತಟ್ಟಿದೆ, ಟೊಳ್ಳು ಸದ್ದು ಬಂತು. ಅಲ್ಲೇ ಒಂದು ಚಕ್ಕೆ ಎದ್ದಿತ್ತು. ತೆಗೆದರೆ ಒಳಗಿನ ಇಟ್ಟಿಗೆ ನೆನೆದ ರಸ್ಕಿನ ಹಾಗೆ ಕೈಗೆ ಪುಡಿಯಾಗಿ ಬಂತು. ಮೇಲೆ ನೋಡಿದರೆ ಮಳೆನೀರಿನ ಕೊಳವೆ ಎಲೆ ತುಂಬಿ ಕಟ್ಟಿಕೊಂಡಿದೆ, ಪಕ್ಕದಲ್ಲಿ ಮೊಳಕಾಲುದ್ದದ ಅರಳಿ ಗಿಡ. ಆ ಗಿಡ ಬೆರಳುದ್ದ ಇದ್ದಾಗಲೇ ಕಿತ್ತಿದ್ದರೆ ಎರಡು ನಿಮಿಷದ ಕೆಲಸ! ಯಾರೂ ಕೀಳಲಿಲ್ಲ. ಹತ್ತಾರು ವರ್ಷ ಹೀಗೆ ಬಿಟ್ಟು, ಆಮೇಲೆ 'ಶಿಥಿಲ' ಅಂತ ಬೋರ್ಡ್ ಹಾಕುವುದು ನನಗೆ ಬಹಳ ನೋವು ಕೊಡುತ್ತದೆ.

ಮಾರ್ಕೆಟ್ ವಿಷಯದಲ್ಲಿ ಕೆಡವಬೇಕು ಅಂದ ತಜ್ಞರೂ ಇದ್ದಾರೆ, ಗಟ್ಟಿ ಮಾಡಿ ಉಳಿಸಬಹುದು ಅಂದವರೂ ಇದ್ದಾರೆ. ನಾನು ಎರಡನೆಯವರ ಕಡೆ. ಅಪಾಯ ಇರುವ ಕಡೆ ಇವತ್ತೇ ಜನರನ್ನು ಸರಿಸಿ, ಬೀಳದ ಹಾಗೆ ಆಸರೆ ಕಂಬ ಕೊಡಿ, ಗಾರೆ ಕೆಲಸ ಗೊತ್ತಿರುವವರನ್ನು ಕರೆಸಿ. ನೋಡಲು ಅದೇ ಥರ ಕಟ್ಟಬಹುದು, ಸರಿ. ಆದರೆ ಮಲ್ಲಿಗೆ ಮಾರು ಹಾಕುವವರು, ವೀಳ್ಯದೆಲೆಯವರು, ಕುಂಕುಮದ ಗುಡ್ಡೆ ಇಟ್ಟುಕೊಂಡು ಕೂತವರು ಆ ಕಟ್ಟಡ ಏಳುವ ತನಕ ಎಲ್ಲಿ ಕೂರುತ್ತಾರೆ? ಎದ್ದ ಮೇಲೆ ಅಲ್ಲಿನ ಬಾಡಿಗೆ ಅವರ ಕೈಗೆ ಎಟುಕುತ್ತದಾ? ಇದಕ್ಕೆ ಬರಹದಲ್ಲಿ ಉತ್ತರ ಕೊಡದೆ ಯಾರೂ ಒಂದು ಇಟ್ಟಿಗೆಯನ್ನೂ ಮುಟ್ಟಬಾರದು.

ಜನ ಪಟ್ಟು ಹಿಡಿದರೆ ಉಳಿಯುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಅಠಾರಾ ಕಚೇರಿಯೇ ಸಾಕ್ಷಿ. ಇವತ್ತು ಹೈಕೋರ್ಟ್ ಇರುವ ಆ ಕೆಂಪು ಕಟ್ಟಡವನ್ನು 1980ರ ದಶಕದಲ್ಲಿ ಕೆಡವಲು ಹೊರಟಿದ್ದರು, ನಾಗರಿಕರು ಕೋರ್ಟಿಗೆ ಹೋಗಿ ಉಳಿಸಿಕೊಂಡರು. 2014ರಲ್ಲಿ ಬಾಲಬ್ರೂಯಿ ಅತಿಥಿಗೃಹದ ಜಾಗದಲ್ಲಿ ಶಾಸಕರ ಕ್ಲಬ್ ಅಂದಾಗಲೂ ಜನ ಬೀದಿಗೆ ಬಂದರು, ಕಟ್ಟಡ ಉಳಿಯಿತು. ಲಾಲ್‌ಬಾಗಿನ ಕೃಂಬಿಗಲ್ ಹಾಲ್‌ಗೆ ಆ ಅದೃಷ್ಟ ಇರಲಿಲ್ಲ. 2017ರಲ್ಲಿ ಗೋಡೆ ಬಿತ್ತು, ಉಳಿದದ್ದನ್ನೂ ನೆಲಸಮ ಮಾಡಿದರು.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ತೊಟ್ಟಿ ಮನೆ. ಅಣ್ಣಂದಿರು ಕೆಡವಿ ಆರ್‌ಸಿಸಿ ಹಾಕಿಸೋಣ ಅಂತಾರೆ. ಕಂಬ, ಬಾಗಿಲು ಕೊಳ್ಳುವವರು ಬಂದು ರೇಟ್ ಕೂಡ ಹೇಳಿ ಹೋಗಿದ್ದಾರೆ. ನನಗೆ ಮನಸ್ಸಿಲ್ಲ.
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಅಣ್ಣಂದಿರ ಜೊತೆ ಜಗಳಕ್ಕೆ ಇಳಿಯಬೇಡಿ ಅಕ್ಕಾ. ಅವರಿಗೆ ಏನು ತೊಂದರೆ ಅಂತ ಕೇಳಿ. ಜಾಸ್ತಿ ಮನೆಗಳಲ್ಲಿ ತಕರಾರು ಬಚ್ಚಲು, ಕಕ್ಕಸು, ಹೊಗೆ ತುಂಬುವ ಅಡುಗೆಮನೆ, ವರ್ಷ ವರ್ಷ ಹೆಂಚು ಕೈಯಾಡಿಸುವ ಖರ್ಚು, ಇಷ್ಟೇ. ಹಿಂದಿನ ಹಿತ್ತಲಲ್ಲಿ ಇವನ್ನು ಹೊಸದಾಗಿ ಕಟ್ಟಿಕೊಂಡು ತೊಟ್ಟಿ, ಜಗಲಿ, ನಡುಮನೆ ಹಾಗೇ ಬಿಡಬಹುದು. ಮಳೆಗೆ ಮೊದಲು ಹೆಂಚು ಸರಿಮಾಡಿಸಿ, ಗೋಡೆಯ ಮೇಲೆ ಕೂರುವ ತೊಲೆಯ ತುದಿಗೆ ಗೆದ್ದಲು ಹಿಡಿದಿದೆಯಾ ನೋಡಿಸಿ.

ಏನೂ ಆಗದೆ ಹೋದರೆ ಬಿಡಿಬಿಡಿಯಾಗಿ ಮಾರುವ ಮೊದಲು ಒಮ್ಮೆ ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಹೋಗಿ ಬನ್ನಿ. ಅಣ್ಣಂದಿರನ್ನೂ ಕರೆದುಕೊಂಡು ಹೋಗಿ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಬಿಚ್ಚಿ ತಂದು, ಇದ್ದ ಹಾಗೇ ಮತ್ತೆ ಜೋಡಿಸಿ ನಿಲ್ಲಿಸಿದ ಜಾಗ ಅದು. ಅಲ್ಲಿನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರೆ ನಿಮ್ಮ ಮನೆಯ ಬೆಲೆ ಅವರಿಗೂ ಕಾಣಬಹುದು.

ಪ್ರಶ್ನೆ: ಊರಿನ ಹಳೇ ಕಲ್ಲಿನ ಗುಡಿ ತೆಗೆದು ದೊಡ್ಡದಾಗಿ ಕಾಂಕ್ರೀಟಿನಲ್ಲಿ ಕಟ್ಟಲು ಚಂದಾ ಎತ್ತುತ್ತಿದ್ದಾರೆ. ಕಾನೂನಿನಲ್ಲಿ ತಡೆಯಬಹುದಾ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಗುಡಿ ಸಂರಕ್ಷಿತ ಪಟ್ಟಿಯಲ್ಲಿ ಇದ್ದರೆ ಮುಟ್ಟುವ ಹಾಗೇ ಇಲ್ಲ. ಕೇಂದ್ರದ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೂ ನಿಷೇಧ. ಪಟ್ಟಿಯಲ್ಲಿ ಇಲ್ಲದಿದ್ದರೆ ಕಷ್ಟ ಅಲ್ಲೇ. ಆಗ ಮುಜರಾಯಿ ಗುಡಿಯಾ ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಅರ್ಜಿ ಕೊಡಿ. ಚಂದಾ ಎತ್ತುವವರಿಗೆ ಇನ್ನೊಂದು ದಾರಿಯನ್ನೂ ತೋರಿಸಿ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಸರ್ಕಾರದ ಮತ್ತು ಊರಿನವರ ಪಾಲು ಸೇರಿಸಿಕೊಂಡು ಹಳೇ ದೇವಸ್ಥಾನಗಳನ್ನು ಅದೇ ಕಲ್ಲಿನಲ್ಲಿ ಜೀರ್ಣೋದ್ಧಾರ ಮಾಡುತ್ತಾ ಬಂದಿದೆ. ಎತ್ತಿದ ಚಂದಾ ಅದಕ್ಕೆ ಆಗುತ್ತದೆ.

ಗುಡಿಯಲ್ಲಿ ಶಾಸನ ಇದ್ದರೆ ಅದಕ್ಕೆ ಸುಣ್ಣ, ಪೇಂಟ್ ಬಳಿಯಲು ಬಿಡಬೇಡಿ. ಫೋಟೋವನ್ನು ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ.